ಹುಳ್ಳಗಿನ ಮುಖದ ಬಂಡವಾಳ

ಒಳ್ಳೆಯ ಮಾಲು ಕಂಡರೆ ಮುಖ ಹುಳ್ಳಗೆ ಮಾಡುವುದು ನಮ್ಮ ಮನೆತನದ ಕಸುಬು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ತಾತ ನನಗೆ ಕಲಿಸಿದ್ದು ಇಷ್ಟೇ: ಉಂಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸು, ಒಂದನ್ನು ಒಡೆದು ಮೂಸು, ಎಷ್ಟು ಚೆನ್ನಾಗಿದೆಯೋ ಅಷ್ಟು ಮೂಗು ಮುರಿ. ಮೆಚ್ಚಿಕೊಂಡದ್ದು ಗೊತ್ತಾದರೆ ಮಾರುವವನು ಬಿಡುತ್ತಾನೆಯೇ? ಕೆಟ್ಟ ಮಾಲು ತಂದವರಿಗೆ ಮಾತ್ರ ನಾವು ನಗುನಗುತ್ತಾ ಕಾಫಿ ತರಿಸಿ ಕೊಟ್ಟು ಸಾಗಹಾಕುತ್ತೇವೆ. ಈ ಚಾಳಿ ಮಂಡಿಯಲ್ಲೇ ಉಳಿಯದೆ ನನ್ನ ಹಿಂದೆಯೇ ಮನೆಗೂ ಬಂತು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಗಿರಿಜೆ ಮಾಡಿದ ಒಬ್ಬಟ್ಟಿನ ಸಾರು ಎಷ್ಟು ರುಚಿಯಾಗಿತ್ತೆಂದರೆ, ನಾನು ಮುಖ ಸಿಂಡರಿಸಿಬಿಟ್ಟೆ. ಪಾಪ, ಅವಳು ಒಳಗೆ ಹೋಗಿ ಅತ್ತಳು. ಆಮೇಲೆ ಗುಟ್ಟು ತಿಳಿಯಿತು. ಈಗ ನನ್ನ ಮುಖ ಹುಳ್ಳಗಾದರೆ ಇನ್ನೊಂದು ಸೌಟು ಬಡಿಸುತ್ತಾಳೆ.

ಇಂಥ ಮನೆಯಲ್ಲಿ ನಯನಾ ಎಂಬ ಮಗಳು ಹೇಗೆ ಹುಟ್ಟಿದಳೋ ಶಿವನೇ ಬಲ್ಲ. ಇಲ್ಲೇ ಬ್ಯಾಂಕಿನಲ್ಲಿ ಕೆಲಸ. ಏನು ಕಂಡರೂ ಹಿಗ್ಗು, ಆ ಹಿಗ್ಗೂ ಇಂಗ್ಲಿಷಿನಲ್ಲಿ. ಬೆಳಗಿನ ಉಪ್ಪಿಟ್ಟು ರುಚಿಯಾಗಿದ್ದರೆ ‘ಫೈರ್’. ಅಮ್ಮನ ಹಳೆಯ ರೇಷ್ಮೆ ಸೀರೆ ಕಂಡರೆ ‘ಓಎಂಜಿ, ಐ ಆ್ಯಮ್ ಅಬ್ಸೆಸ್ಡ್!’ ಹೋದ ಕರೆಂಟು ಬಂದರೆ ‘ಲೆಟ್ಸ್ ಗೋ!’ ಎಂಬ ಕೂಗು. ಮೊದಲ ಸಲ ಕೇಳಿದಾಗ ನನ್ನ ಎದೆ ಧಸಕ್ಕೆಂದಿತ್ತು. “ಏನಮ್ಮಾ ಹಂಗಂದ್ರೆ?” ಎಂದೆ. “ತುಂಬಾ ಖುಷಿ ಆಯ್ತು ಅಂತ, ಅಪ್ಪಾ” ಎಂದಳು. ಅರ್ಥ ತಿಳಿದ ಮೇಲಂತೂ ಇನ್ನೂ ಗಾಬರಿಯಾಯಿತು. ಖುಷಿಯನ್ನು ಹೀಗೆ ಬೀದಿಗೆಲ್ಲ ಕೇಳುವ ಹಾಗೆ ಸಾರಿದರೆ ನಾಳೆ ಇವಳನ್ನು ತರಕಾರಿ ತರಲು ಕಳಿಸುವುದಾದರೂ ಹೇಗೆ? ಒಮ್ಮೆ ಹಳೇಬೀಡಿಗೆ ಹೋಗಿದ್ದೆವು. ದೇವಸ್ಥಾನದ ಗೋಡೆಯ ಮುಂದೆ ನಿಂತು ಅವಳು “ಅಪ್ಪಾ, ನೆಕ್ಸ್ಟ್ ಲೆವೆಲ್!” ಎಂದು ಕುಣಿದಾಡಿದಳು. ನಾನು ಸುತ್ತ ಒಮ್ಮೆ ನೋಡಿ, “ಪರವಾಗಿಲ್ಲ, ಕೆತ್ತಿದ್ದಾರೆ” ಎಂದೆ. ನನ್ನ ಬಾಯಿಂದ ಅಷ್ಟು ದೊಡ್ಡ ಹೊಗಳಿಕೆ ಅದಕ್ಕೆ ಮುಂಚೆ ಬಂದಿರಲಿಲ್ಲ.

ಹೀಗಿರುವಾಗ ಮಾದಿಹಳ್ಳಿಯಿಂದ ಒಂದು ಸಂಬಂಧ ಬಂತು. ಹುಡುಗ ವಿನಯ, ಬೇಲೂರಿನಲ್ಲಿ ದನದ ಡಾಕ್ಟರು. ತಂದೆ ಬಸವರಾಜಪ್ಪನವರಿಗೆ ಗದ್ದೆ, ತೆಂಗು, ಕೊಟ್ಟಿಗೆ ತುಂಬ ಹಸು. ಹುಡುಗ ಹುಡುಗಿ ಆಗಲೇ ಫೋನಿನಲ್ಲಿ ಮಾತಾಡಿದ್ದರು. ಅವರು ಬರುವ ದಿನ ಬೆಳಿಗ್ಗೆ ನಯನಾ ನನ್ನ ಹತ್ತಿರ ಬಂದು ಮೆಲ್ಲಗೆ, “ಅಪ್ಪಾ, ನಂಗೆ ಇವ್ರು ಇಷ್ಟ. ಕೆಡಿಸ್ಬೇಡ, ದಮ್ಮಯ್ಯ” ಎಂದಳು. ಕೂಗಿಲ್ಲ, ಕುಣಿತವಿಲ್ಲ, ಅಚ್ಚ ಕನ್ನಡ! ನಾನು ಬೆಚ್ಚಿಬಿದ್ದೆ. ವಿಷಯ ಇಷ್ಟು ದೂರ ಹೋಗಿದೆ ಎಂದು ಆಗಲೇ ಗೊತ್ತಾದದ್ದು. “ನಾನ್ಯಾಕೆ ಕೆಡಿಸ್ಲಿ? ನೀನು ಬಾಯಿ ಹೊಲ್ಕೊಂಡು ಕೂತ್ಕೋ ಸಾಕು. ಒಂದು ಓಎಂಜಿ ಬಂತು ಅಂದ್ರೆ, ನಾವೇ ಮೇಲೆ ಬೀಳ್ತಿದ್ದೀವಿ ಅಂದ್ಕೋತಾರೆ” ಎಂದು ಬುದ್ಧಿ ಹೇಳಿದೆ.

ಅಪ್ಪ ಮಗ ಇಬ್ಬರೂ ಬಂದರು. ಹುಡುಗ ತನ್ನ ಚಪ್ಪಲಿಯ ಜೊತೆ ಅಪ್ಪನದ್ದನ್ನೂ ಓರಣವಾಗಿ ಬಿಟ್ಟು ಒಳಗೆ ಬಂದ. ಕೇಸರಿಬಾತನ್ನು ಕೇಳಿ ಇನ್ನಷ್ಟು ಹಾಕಿಸಿಕೊಂಡ. ತಟ್ಟೆಯನ್ನು ತಾನೇ ಎತ್ತಿಕೊಂಡು ಅಡುಗೆಮನೆಗೆ ಹೊರಟ. ಇಂಥ ಮಾಲು, ಶಿವಶಿವಾ, ಇಂಥ ಹುಡುಗ ಎಲ್ಲಿ ಸಿಗುತ್ತಾನೆ ಎಂದು ನನ್ನ ಮನಸ್ಸು ಕುಣಿಯಿತು. ಮನಸ್ಸು ಕುಣಿದಷ್ಟೂ ಮೂಗು ತಾನಾಗಿಯೇ ಮುರಿಯಿತು. ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಹೂಂ... ನೋಡೋಣ” ಎಂದೆ. ನಯನಾ ನಾನು ಹೇಳಿದ ಹಾಗೆಯೇ ಬಾಯಿ ಹೊಲಿದುಕೊಂಡು ಗೊಂಬೆಯಂತೆ ಕೂತಿದ್ದಳು.

ಬಸವರಾಜಪ್ಪನವರ ಮುಖ ಇಳಿದುಹೋಯಿತು. ಕಾಫಿ ಲೋಟ ಕೆಳಗಿಟ್ಟು ಎದ್ದರು. “ಸಾವ್ಕಾರ್ರೇ, ನಿಮ್ಗೆ ಮನಸ್ಸಿಲ್ಲ ಅಂತ ಕಾಣ್ತೈತೆ. ಇದ್ರಲ್ಲಿ ಬಲವಂತ ಏನೈತೆ? ಬತ್ತೀವಿ” ಎಂದರು. ಗಿರಿಜೆ ಓಡಿಬಂದು, “ಅಯ್ಯೋ, ಇವ್ರಿಗೆ ಇಷ್ಟ ಆದ್ರೆ ಮುಖ ಹಿಂಗೇ ಆಗೋದು ಕಣ್ರೀ!” ಎಂದಳು. ಅದನ್ನು ಯಾರು ನಂಬುತ್ತಾರೆ? ಇಬ್ಬರೂ ಹೊರಟೇಬಿಟ್ಟರು. ನಯನಾ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು.

ಬೀದಿಗೆ ಓಡಿದೆ. ಕಾರು ಆಗಲೇ ಸ್ಟಾರ್ಟ್ ಆಗಿತ್ತು. ನಿಲ್ಲಿಸಿ, ಹುಡುಗ ಬಹಳ ಮೆಚ್ಚಿಗೆಯಾಗಿದ್ದಾನೆ ಎಂದು ಹೇಳಬೇಕು. ಹೊಗಳುವ ಒಂದೇ ಒಂದು ಕನ್ನಡ ಮಾತು ಬಾಯಿಗೆ ಬರಲಿಲ್ಲ. ಬಳಸಿದ್ದರೆ ತಾನೆ ಬರುವುದು! ಬಂದದ್ದು ದಿನಾ ಮನೆಯಲ್ಲಿ ಕಿವಿಗೆ ಬೀಳುತ್ತಿದ್ದದ್ದು. “ಬಸವರಾಜಪ್ಪನೋರೇ! ಓಎಂಜಿ! ನಿಮ್ಮ ಹುಡುಗ ಫೈರು! ಐ ಆ್ಯಮ್ ಅಬ್ಸೆಸ್ಡ್!” ಎಂದು ಬೀದಿ ಕಿತ್ತುಹೋಗುವ ಹಾಗೆ ಕಿರುಚಿದೆ.

ಎದುರುಮನೆಯ ಕಿಟಕಿಗಳು ಪಟಪಟನೆ ತೆರೆದುಕೊಂಡವು. ಗಿರಿಜೆ ತಲೆಯ ಮೇಲೆ ಕೈಹೊತ್ತು ಜಗಲಿಯ ಮೇಲೆ ಕುಸಿದಳು. ಬಸವರಾಜಪ್ಪ ದಿಗಿಲುಬಿದ್ದು ಮಗನ ಕಡೆ ತಿರುಗಿ, “ಏನ್ಲಾ, ಏನಂತಾವ್ರೆ? ಬೈತಾವ್ರಾ?” ಎಂದರು. ವಿನಯನ ಮುಖ ಕಿವಿಯವರೆಗೆ ಕೆಂಪೇರಿತ್ತು. “ಇಲ್ಲಪ್ಪಾ. ನಾನು ಒಪ್ಪಿಗೆ ಆಗಿದ್ದೀನಂತೆ. ಭಾಳಾನೇ ಒಪ್ಪಿಗೆ ಆಗಿದ್ದೀನಂತೆ.” ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ಹೊಲಿದಿದ್ದ ಬಾಯಿ ಬಿಚ್ಚಿಕೊಂಡಿತು. “ಲೆಟ್ಸ್ ಗೋ!”

ನಿಶ್ಚಿತಾರ್ಥವಾಯಿತು. ಅದಾದ ಮೇಲೆ ಬೀಗರು ಮೊದಲ ಬಾರಿಗೆ ತಮ್ಮ ತೋಟದ ಕೊಬ್ಬರಿಯನ್ನು ನಮ್ಮ ಮಂಡಿಗೆ ತಂದರು. ಒಂದು ಉಂಡೆ ಒಡೆದು ಮೂಸಿದೆ. ಆಹಾ, ಎಂಥ ಮಾಲು! ಮೂಗು ತಾನಾಗಿಯೇ ಮುರಿಯತೊಡಗಿತು. ಬಸವರಾಜಪ್ಪ ಕೈಕಟ್ಟಿ ನಿಂತು, ಎಲ್ಲರಿಗೂ ಕೇಳುವ ಹಾಗೆ, “ಬೀಗ್ರೇ, ಆ ಮುಖ ಬ್ಯಾಡ. ನಮ್ ಹುಡ್ಗನ್ನ ನೋಡ್ದಾಗ್ಲೂ ಇದೇ ಮುಖ ಮಾಡಿದ್ರಿ” ಎಂದರು. ಇಡೀ ಮಂಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವತ್ತಿನಿಂದ ನಾನು ಮೂಗು ಮುರಿದರೆ ಸಾಕು, ರೈತರು ಖುಷಿಯಿಂದ ಬೆಲೆ ಏರಿಸುತ್ತಾರೆ. ತಾತನ ಕಾಲದ ಬಂಡವಾಳ ಹೀಗೆ ಮುಳುಗಿತು.

ಹೋಗಲಿ, ಮನೆಯಲ್ಲಾದರೂ ಮನುಷ್ಯನಾಗೋಣ ಎಂದುಕೊಂಡೆ. ಮೊನ್ನೆ ಒಬ್ಬಟ್ಟಿನ ಸಾರು ಅಮೃತದಂತಿತ್ತು. ಮುಖವನ್ನು ಬಲವಂತವಾಗಿ ಅರಳಿಸಿ, “ಗಿರಿಜಾ, ಫೈರ್!” ಎಂದೆ. ಅವಳು ಹೌಹಾರಿ, “ಯಾಕ್ರೀ, ಕೆಟ್ಟುಹೋಗಿದ್ಯಾ?” ಎಂದವಳೇ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.