ದೀಪಕ್ಕಿಂತ ಮೊದಲು ಹಲ್ಲು ಮಾತಾಡಲು ಅವಕಾಶ ಕೋರಿ

ಕಾರಟಗಿ, ೧೯೮೬

ಇಂದ,
ಗಾಳೆಮ್ಮ, ಭತ್ತ ಕಚ್ಚಿ ನೋಡುವವಳು, ಅಕ್ಕಿ ಗಿರಣಿ.

ಗೆ,
ಭತ್ತದ ಹಸಿ ತೀರ್ಮಾನಿಸುವ ಕರೆಂಟಿನ ಪೆಟ್ಟಿಗೆಯವರು, ಸದರಿ ಗಿರಣಿ.
(ಪೆಟ್ಟಿಗೆಯ ಗುಮಾಸ್ತ ಉಮಾಪತಿಯವರ ಮೂಲಕ)

ವಿಷಯ: ತಾವೂ ನಾನೂ ಕೂಡಿ ಕೆಲಸ ಮಾಡಲು ಕೆಲವು ಅನುಕೂಲ ಮಾಡಿಕೊಡುವ ಬಗ್ಗೆ.
ಉಲ್ಲೇಖ: ಮಂಗಳವಾರ ಜಿಲಾನಸಾಬ ನಕ್ಕಿದ್ದು.

ಮಾನ್ಯರೇ,

ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಾಳು ಕಚ್ಚಿ ಭತ್ತ ಒಣಗಿದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ಕಟಕ್ಕೆಂದರೆ ಒಣಗಿದೆ, ಮೆತ್ತಗಾದರೆ ಹಸಿ. ಹೋದ ಸುಗ್ಗಿಗೆ ತಾವು ಬಂದಿರಿ. ತಮ್ಮ ಬಟ್ಟಲಿಗೆ ಹಾಕಿದ ಭತ್ತ ಒಣಗಿದ್ದರೆ ಹಸಿರು ದೀಪ, ಇಲ್ಲವಾದರೆ ಕೆಂಪು. ಇಬ್ಬರೂ ಒಪ್ಪಿದರೆ ಮಾತ್ರ ಚೀಲ ಒಳಗೆ ಹೋಗಬೇಕೆಂದು ಮಾಲೀಕರ ಹುಕುಂ.

೧. ತಾವು ಪಟ್ಟಣದಿಂದ ಬಂದವರು, ನಾನು ರಾತ್ರಿ ಶಾಲೆಯವಳು. ಆದ್ದರಿಂದ ಕಚ್ಚುವ ಮೊದಲೇ ತಮ್ಮ ದೀಪದ ಕಡೆ ನೋಡುವ ರೂಢಿ ಬಿತ್ತು. ಹಸಿರು ಕಂಡಿತೆಂದರೆ ನನ್ನ ಹಲ್ಲಿಗೂ ಕಟಕ್ಕೆಂದೇ ಕೇಳುತ್ತದೆ.

೨. ಸದರಿ ಮಂಗಳವಾರ ರೈತ ಜಿಲಾನಸಾಬ ಚೀಲ ಇಳಿಸಿದ. ತಮ್ಮದು ಹಸಿರು. ನಾನೂ ಕಚ್ಚಿ, "ಒಣಗೇತಿ, ಒಯ್ಯಪಾ ಒಳಗ" ಎಂದೆ.

"ಯಾವುದು ಒಣಗೇತಿ ಆಯೀ? ಮಳ್ಯಾಗ ತೊಯ್ದ ನೆಲ್ಲು ಐತಿ ಇದು. ನಿಮ್ಮ ಅಂಗಳದಾಗ ಒಣಗಿಸಾಕ ತಂದೀನಿ, ಮಾರಾಕಲ್ಲ!"

ಜಿಲಾನಸಾಬ ನಕ್ಕು, ಒಂದು ಹಿಡಿ ತೆಗೆದು ನನ್ನ ಅಂಗೈ ಮೇಲೆ ಹಿಂಡಿದ. ನೀರು ಇಳಿಯಿತು. ಉಮಾಪತಿಯವರು ತಮ್ಮೊಳಗಿಂದ ಬಟ್ಟಲು ಎಳೆದು ನೋಡಿದರೆ ಹಿಂದಿನ ದಿನದ ಭತ್ತ ಅದರಲ್ಲೇ ಇತ್ತು.

"ನೀ ಹೆಂಗೂ ಕಚ್ಚತೀಯಲ್ಲ ಅಂತ ನಾ ನೋಡ್ಲಿಲ್ಲಬೇ ಆಯಿ" ಎಂದರು.

೩. ಇದನ್ನು ಕೇಳಿದ ಮಾಲೀಕರು, "ಪೆಟ್ಟಿಗಿ ಅಂದದ್ದನ್ನ ಗಾಳೆಮ್ಮನೂ ಅಂದ್ರ, ಗಾಳೆಮ್ಮ ಯಾಕ ಬೇಕು?" ಎಂದರು. ಬರುವ ತಿಂಗಳಿಂದ ಒಬ್ಬರೇ ಸಾಕಂತೆ. ಯಾರು ಆ ಒಬ್ಬರು ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ತಮಗೆ ಬಾಯಿಲ್ಲ.

ಆದ್ದರಿಂದ, ಮೇಲಿನ ಕಾರಣಗಳಿಂದ ಮತ್ತು ನನ್ನ ಕೆಲಸ ಉಳಿಯಬೇಕಾದ ಕಾರಣ:

ನಾನು ಹೇಳಿ ಮುಗಿಸುವ ತನಕ ತಮ್ಮ ದೀಪದ ಮೇಲೆ ಡಬ್ಬಿ ಬೋರಲು ಹಾಕಬೇಕು. ತಾವು ಯಾವ ಭತ್ತದ ಮಾತಾಡುತ್ತಿದ್ದೀರೆಂದು ಕಾಣುವಂತೆ ಬಟ್ಟಲಿಗೆ ಗಾಜಿನ ಮುಚ್ಚಳ ಆಗಬೇಕು. ಇಬ್ಬರ ಮಾತು ಬೇರೆಯಾದರೆ ಸಿಟ್ಟಾಗದೆ, ಹೊಸ ಹಿಡಿ ತೆಗೆದು ಇಬ್ಬರೂ ಮತ್ತೊಮ್ಮೆ ನೋಡಬೇಕು. ಆಗ ನಾನು ತಪ್ಪಿದರೂ ಅದು ನನ್ನದೇ ತಪ್ಪಾಗಿರುತ್ತದೆ, ತಮ್ಮದರ ನಕಲಾಗಿರುವುದಿಲ್ಲ.

ತಮ್ಮ ವಿಶ್ವಾಸಿ
(ವಿಶ್ವಾಸ ಹೆಚ್ಚಾದದ್ದೇ ತಕರಾರು),
ಗಾಳೆಮ್ಮ

ಲಗತ್ತು: ಜಿಲಾನಸಾಬನ ಕಾಳು, ಕಚ್ಚಿದ್ದು, ಮೆತ್ತಗಿದೆ. ಡಾಲ್ಡಾ ಡಬ್ಬಿ, ತೊಳೆದದ್ದು.

ವಿ.ಸೂ.: ಈ ಅರ್ಜಿಗೆ ಯಾವ ದೀಪ ಹತ್ತಿತೆಂದು ಉಮಾಪತಿಯವರು ಕೂಡಲೇ ನನಗೆ ತಿಳಿಸಬಾರದೆಂದು ವಿನಂತಿ. ನನ್ನ ಬೇಡಿಕೆ ಸರಿಯೋ ಅಲ್ಲವೋ, ಮೊದಲು ನಾನು ಹೇಳುತ್ತೇನೆ.