ಬೇಡ ಬೇಡ ಅಂದ ವಕೀಲಪ್ಪನೂ ನಾನೂ

ಸತ್ತವರ ಕಾಗದ ಓದುವ ಕೆಲಸ ಹಿಡಿದರೆ ಬದುಕಿರುವವರು ಸುಮ್ಮನೆ ಬಿಡುವುದಿಲ್ಲ. ಏನಾದರೊಂದು ತಮಾಷೆ ತಂದು ಮುಂದಿಡುತ್ತಲೇ ಇರುತ್ತಾರೆ.

ನಾನು ಮೈಸೂರಿನವಳು. ನೈರೋಬಿಯ ನಡು ಪೇಟೆಯ ಒಂದು ಕಾಲೇಜಿನಲ್ಲಿ ಅಮೆರಿಕದ ಚರಿತ್ರೆ ಪಾಠ ಮಾಡುತ್ತೇನೆ. ಮೈಸೂರಿನವಳು ಆಫ್ರಿಕಾಕ್ಕೆ ಬಂದು ಅಮೆರಿಕದ ಪಾಠ ಮಾಡುವುದೇ ದೊಡ್ಡ ಜೋಕು ಅಂತಾರೆ ನಮ್ಮ ಯಜಮಾನರು. ಅವರು ಔಷಧಿ ಫ್ಯಾಕ್ಟರಿಯಲ್ಲಿ ಇಂಜಿನಿಯರ್, ಅವರ ಜೋಕುಗಳ ಸ್ಟಾಕು ಅಷ್ಟೇ.

ಪಿಎಚ್‌ಡಿಗೆ ನಾನು ಹಿಡಿದಿರುವುದು ಹತ್ತೊಂಬತ್ತನೇ ಶತಮಾನದ ಒಬ್ಬ ಅಮೆರಿಕನ್ ವಕೀಲನ ಕಾಗದಗಳನ್ನು. ಆಗ ಅಲ್ಲಿ ಗೆದ್ದ ಪಕ್ಷದವರು ತಮ್ಮವರಿಗೆ ಸರ್ಕಾರಿ ಹುದ್ದೆ ಹಂಚುತ್ತಿದ್ದರು. ಈ ಪುಣ್ಯಾತ್ಮ ಕೋರ್ಟಿಗೆ ಹೋದದ್ದು ಕಮ್ಮಿ, ರಾಜಕಾರಣಿಗಳಿಗೆ ಕಾಗದ ಬರೆದದ್ದೇ ಜಾಸ್ತಿ. ಭಾಮೈದನಿಗೆ ಪೋಸ್ಟ್‌ಮಾಸ್ಟರ್ ಕೆಲಸ ಕೊಡಿ, ಸ್ನೇಹಿತನಿಗೆ ಸುಂಕದ ಆಫೀಸಿನಲ್ಲಿ ಒಂದು ಕುರ್ಚಿ ಕೊಡಿ. ನನಗೆ ಮಾತ್ರ ಏನೂ ಬೇಡ, ಆದರೆ ಪಕ್ಕದ ಊರಿನ ಜಡ್ಜ್ ಹುದ್ದೆ ಖಾಲಿ ಇರುವುದು ತಮ್ಮ ಗಮನಕ್ಕೆ ಬಂದಿರಬಹುದು.

ಓದಿದವರು ನಗುತ್ತಾರೆ. ನನಗೆ ಅವನನ್ನು ಕಂಡರೆ ಪಾಪ ಅನ್ನಿಸುತ್ತದೆ. ಯಾಕೆಂದರೆ ನಾನೂ ಕಾಂಟ್ರಾಕ್ಟ್ ಮೇಲೆ ಇರುವವಳು. ವರ್ಷ ಮುಗಿಯುತ್ತಾ ಬಂದ ಹಾಗೆ ಮುಂದಿನ ವರ್ಷ ಇಡುತ್ತಾರೋ ಕಳಿಸುತ್ತಾರೋ ಅಂತ ಎದೆ ಢವಢವ. ಪರ್ಮನೆಂಟ್ ಆಗಬೇಕು, ನನಗಿರುವುದು ಅದೊಂದೇ ಆಸೆ.

ಅತ್ತೆಯ ಸಲಹೆ

ನಮ್ಮತ್ತೆ ಊರಿಂದ ಬಂದಿದ್ದರು. ನಾನು ಲ್ಯಾಪ್‌ಟಾಪ್ ಮುಂದೆ ಕೂತು ಆ ಕೋಳಿಕಾಲಿನ ಅಕ್ಷರ ಬಿಡಿಸಿ ಓದುತ್ತಿದ್ದರೆ, ಅವರು ಎದುರಿಗೆ ಕೂತು ಸುಕುಮಾ ಅನ್ನುವ ಇಲ್ಲಿಯ ಸೊಪ್ಪು ಹೆಚ್ಚುವುದು. ಆ ಸೊಪ್ಪಿನಲ್ಲಿ ಹುಳಿ ಮಾಡಲು ಕಲಿತದ್ದು ಅವರೇ. ಕತೆ ಕೇಳಿದ ಮೇಲಂತೂ ಬೆಳಗ್ಗೆ ಎದ್ದರೆ ಅದೇ ವಿಚಾರಣೆ.

"ನಿನ್ನ ವಕೀಲಪ್ಪನಿಗೆ ಕೆಲಸ ಆಯ್ತೇನೆ?"

"ಇಲ್ಲ ಅತ್ತೆ, ಇನ್ನೂ ಕಾಗದ ಬರೀತಾನೇ ಇದ್ದಾನೆ."

"ಕಾಗದ ಬರೆದರೆ ಯಾರು ಕೊಡ್ತಾರೆ? ಮನೆಗೆ ಹೋಗಬೇಕು. ಬರಿಗೈಲಿ ಹೋಗಬಾರದು, ಒಂದು ಚಿಪ್ಪು ಬಾಳೆಹಣ್ಣಾದರೂ ತಗೊಂಡು ಹೋಗಬೇಕು. ಆ ದೊಡ್ಡ ಮನುಷ್ಯನ ಹೆಂಡತಿ ಹತ್ರ ಮೊದಲು ಮಾತಾಡಬೇಕು. ಅವನಿಗೆ ಹೇಳು."

"ಹೇಗೆ ಹೇಳಲಿ ಅತ್ತೆ? ಅವನು ಹೋಗಿ ನೂರು ವರ್ಷದ ಮೇಲಾಯ್ತು."

ಅತ್ತೆಯ ಕೈಲಿದ್ದ ಚಾಕು ನಿಂತಿತು. ಮುಖ ನಿಜವಾಗಲೂ ಸಣ್ಣಗಾಯಿತು.

"ಅಯ್ಯೋ ಪಾಪ. ಆರ್ಡರ್ ಬರೋಕೆ ಮುಂಚೇನೇ ಹೋಗಿಬಿಟ್ಟನಾ?"

ತರಗತಿಯಲ್ಲಿ

ಒಂದು ದಿನ ವಕೀಲ ತನ್ನ ಭಾಮೈದನಿಗಾಗಿ ಬರೆದ ಕಾಗದವನ್ನು ಕ್ಲಾಸಿನಲ್ಲಿ ಓದಿದೆ. ಹುಡುಗನಿಗೆ ಆರೋಗ್ಯ ಸರಿಯಿಲ್ಲ, ಸಂಸಾರ ದೊಡ್ಡದು, ಓದು ಅಷ್ಟಕ್ಕಷ್ಟೆ, ಆದರೆ ಚುನಾವಣೆಯಲ್ಲಿ ನಮ್ಮ ಕಡೆ ಗಂಟಲು ಹರಿಯುವ ಹಾಗೆ ಕೂಗಿದ್ದಾನೆ, ಆದ್ದರಿಂದ ಪೋಸ್ಟ್ ಆಫೀಸು ಕೊಡಿ.

ಓದಿ ಮುಗಿಸಿ, ಈಗ ಬಿದ್ದು ಬಿದ್ದು ನಗುತ್ತಾರೆ ಅಂತ ಕಾದೆ. ಒಬ್ಬರೂ ನಗಲಿಲ್ಲ. ಎಲ್ಲರೂ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ನನ್ನ ಕ್ಲಾಸಿನಲ್ಲಿ ಇಂಥಾ ಶ್ರದ್ಧೆ ನಾನು ಅದುವರೆಗೂ ಕಂಡಿರಲಿಲ್ಲ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು.

"ಮೇಡಂ, ಕಾಗದ ಇನ್ನೊಂದು ಸಲ ಓದ್ತೀರಾ, ನಿಧಾನವಾಗಿ?"

"ಇದು ಪರೀಕ್ಷೆಗೆ ಬರಲ್ಲಮ್ಮ."

"ಪರೀಕ್ಷೆಗಲ್ಲ ಮೇಡಂ. ನನ್ನ ಅಣ್ಣನಿಗೆ."

ಅಧ್ಯಕ್ಷರ ಆಯ್ಕೆ

ನಮ್ಮ ಕನ್ನಡ ಗೆಳೆಯರ ಕೂಟದ ವಾರ್ಷಿಕ ಸಭೆ ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿ ಒಬ್ಬ ಡಾಕ್ಟರ ಮನೆಯಲ್ಲಿ ನಡೆಯಿತು. ಬಿಸಿಬೇಳೆಬಾತ್ ಆದ ಮೇಲೆ ಅಧ್ಯಕ್ಷರ ಆಯ್ಕೆ. ನಮ್ಮವರ ಪದ್ಧತಿ ನಿಮಗೆ ಗೊತ್ತೇ ಇದೆ. ಯಾರಿಗೆ ಬೇಕೋ ಅವರೇ ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಅನ್ನಬೇಕು, ಉಳಿದವರು ಬಲವಂತ ಮಾಡಬೇಕು.

ಫ್ಯಾಕ್ಟರಿ ಮ್ಯಾನೇಜರ್ ಒಬ್ಬರ ಹೆಸರು ಬಂತು. ರೇಷ್ಮೆ ಜುಬ್ಬಾ ಹಾಕಿಕೊಂಡೇ ಬಂದಿದ್ದರು. "ಛೇ ಛೇ, ನನಗೆಲ್ಲಿ ಟೈಮು, ಬೇರೆ ಯಾರನ್ನಾದರೂ ನೋಡಿ" ಅಂದರು. ಅದೇ ತಿಂಗಳು ಬೆಂಗಳೂರಿಂದ ಬಂದಿದ್ದ ಒಬ್ಬರು, ಪಾಪ ಒಳ್ಳೆಯ ಮನುಷ್ಯ, "ಅವರಿಗೆ ತೊಂದರೆ ಕೊಡೋದು ಬೇಡ, ಮುಂದಿನ ಹೆಸರು ಹೇಳಿ" ಅಂದುಬಿಟ್ಟರು.

ಮ್ಯಾನೇಜರ ಮುಖ ಬಾಡಿತು. ಕೊನೆಗೆ ಅವರ ಹೆಂಡತಿಯೇ ಎದ್ದು ಕೈ ಮುಗಿದರು.

"ದಯವಿಟ್ಟು ಇವರನ್ನೇ ಮಾಡಿಬಿಡಿ. ಶವರ್ ಬಿಟ್ಟುಕೊಂಡು ಸ್ವೀಕಾರ ಭಾಷಣ ಪ್ರಾಕ್ಟೀಸ್ ಮಾಡಿ ಮಾಡಿ ನಮ್ಮನೆ ಟ್ಯಾಂಕು ಖಾಲಿ ಮಾಡಿದ್ದಾರೆ. ಇನ್ನೊಂದು ವರ್ಷ ಕಾಯೋಕೆ ಈ ನೈರೋಬಿಯಲ್ಲಿ ನೀರು ಸಿಗಲ್ಲ."

ಡೀನ್ ಸಾಹೇಬರು

ಕೊನೆಗೆ ನನ್ನ ಸರದಿ ಬಂತು. ಡೀನ್ ಕರೆದರು. ಇಲ್ಲಿಯವರೇ, ವಯಸ್ಸಾದವರು, ಮಾತು ಬಲು ಕಮ್ಮಿ. ಮೇಜಿನ ಮೇಲೆ ಆದೇಶದ ಕಾಗದ ಇತ್ತು, ಹೆಸರಿನ ಜಾಗ ಖಾಲಿ.

"ಒಂದು ಪರ್ಮನೆಂಟ್ ಹುದ್ದೆ ಬಂದಿದೆ. ನಿಮ್ಮ ಹೆಸರು ಹಾಕಲಾ?"

ಎಷ್ಟು ವರ್ಷದಿಂದ ಕಾದ ಮಾತು. ಹೌದು ಸರ್ ಅಂದರೆ ಮುಗಿಯುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ನೋಡಿ. ನನ್ನ ಬಾಯಿಂದ ಬಂದದ್ದು, "ಅಯ್ಯೋ, ನನಗ್ಯಾಕೆ ಸರ್? ನನಗಿಂತ ದೊಡ್ಡವರು ಎಷ್ಟೋ ಜನ ಇದ್ದಾರೆ."

ಡೀನ್ ನನ್ನನ್ನೇ ಒಂದು ಸಲ ನೋಡಿದರು. "ಸವಾ" ಅಂದರು. ಸ್ವಾಹಿಲಿಯಲ್ಲಿ ಆಯ್ತು ಅಂತ. ಕಾಗದ ಪಕ್ಕಕ್ಕೆ ಸರಿಸಿದರು.

ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ. ಅಳು ತಡೆಯಲಾಗಲಿಲ್ಲ. ಯಜಮಾನರಿಗೆ ಫೋನ್ ಮಾಡಿದೆ.

"ಕೇಳಿದರು. ಬೇಡ ಅಂದೆ."

"ಯಾಕೆ?"

"ಇನ್ನೊಂದು ಸಲ ಕೇಳ್ತಾರೆ ಅಂದ್ಕೊಂಡೆ ಕಣ್ರೀ."

"ಅವರೇನು ನಿನ್ನ ಸೋದರಮಾವನಾ, ಇನ್ನೊಂದು ಸಲ ಕೇಳೋಕೆ? ಮಾನ ಮರ್ಯಾದೆ ಎಲ್ಲಾ ಪಕ್ಕಕ್ಕಿಟ್ಟು ವಾಪಸ್ ಹೋಗು."

ಕಣ್ಣೊರೆಸಿಕೊಂಡು ಬಾಗಿಲು ತಟ್ಟಿದೆ. ಡೀನ್ ಏನೋ ಓದುತ್ತಿದ್ದರು. ನೋಡಿದರೆ ಹಿಂದಿನ ವಾರ ನಾನೇ ಕೊಟ್ಟಿದ್ದ ಪಿಎಚ್‌ಡಿ ಅಧ್ಯಾಯ.

"ಕೂತ್ಕೊಳ್ಳಿ" ಅಂದರು. "ನಿಮ್ಮ ವಕೀಲನ ಬಗ್ಗೆ ಇಲ್ಲಿ ಏನೋ ಬರೆದಿದ್ದೀರಿ. ಇಂಥವರು ಬೇಡ ಅಂದರೆ ಅದನ್ನು ಅರ್ಜಿ ಅಂತಲೇ ತಿಳಿಯಬೇಕು, ಅಂತ. ಇದು ಅಮೆರಿಕದವರ ಕಾಯಿಲೆ ಅಂದ್ಕೊಂಡಿದ್ದೆ. ನಿಮ್ಮ ಕಡೆಯೂ ಉಂಟಾ?"

"ಉಂಟು ಸರ್" ಅಂದೆ.

ಕಾಗದವನ್ನು ಮುಂದಕ್ಕೆ ಎಳೆದುಕೊಂಡು ಪೆನ್ನು ತೆಗೆದರು. "ನನಗೆ ಮೀಟಿಂಗ್‌ಗೆ ಹೊತ್ತಾಯ್ತು. ನೀವು ಬೇಡ ಅಂತಾ ಇರಿ, ನಾನು ಅಷ್ಟರಲ್ಲಿ ಸಹಿ ಹಾಕ್ತೀನಿ."

ದೊಡ್ಡವರ ಮಾತು ಮೀರಬಾರದಲ್ಲ. "ಬೇಡ ಸರ್, ಬೇಡ ಸರ್" ಅನ್ನುತ್ತಲೇ ಇದ್ದೆ. ಕಿಟಕಿಯ ಗಾಳಿಗೆ ಕಾಗದ ಹಾರದ ಹಾಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದವಳೂ ನಾನೇ.