ಹನ್ನೊಂದನೇ ನಂಬರಿನ ಹುಡುಗ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಲ್ಯಾಕ್ರಾಸ್ ಎಂಬ ಆಟದ ಬಗ್ಗೆ ಇದನ್ನು ಹೇಳುತ್ತಿರುವವರಿಗೆ ತಿಳಿದಿರುವುದು ಅಷ್ಟಕ್ಕಷ್ಟೆ. ಅದರ ಮೇಲೆ ಇದು ಇನ್ನೊಬ್ಬರ ಮನೆಯ ವಿಷಯ. ಹೇಳಬಹುದೋ ಬಾರದೋ ಎಂದು ಯೋಚಿಸಿ, ಎರಡು ಸಲ ಬರೆದು ಅಳಿಸಿ, ಮೂರನೇ ಸಲ ಧೈರ್ಯ ಮಾಡಿದ್ದಾಗಿದೆ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ತೊಂದರೆ ಶುರುವಾದದ್ದು ಒಂದು ಸಣ್ಣ ಪ್ರಶ್ನೆಯಿಂದ. ಶನಿವಾರ ಬೆಳಿಗ್ಗೆ ಸಿಂಗಪುರದ ಜುರಾಂಗ್ ಈಸ್ಟ್‌ನ ತನ್ನ ಬ್ಲಾಕಿನ ಲಿಫ್ಟಿನಲ್ಲಿ ಶಿವರಾಮ, ಎರಡು ಮನೆ ಆಚೆಯ ಸೀನಪ್ಪನವರನ್ನು, ಮಗನ ಕಾಲೇಜಿನ ಮೈದಾನಕ್ಕೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿದ. ಕೇಳಬಾರದಿತ್ತು. ಲಿಫ್ಟು ಹನ್ನೊಂದನೇ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ, ಹಲಸಿನ ಹಣ್ಣಿನಿಂದ ತೊಳೆ ಬಿಡಿಸಿದ ಹಾಗೆ, ಸೀನಪ್ಪನವರು ಅವನಿಂದ ಎಲ್ಲವನ್ನೂ ಬಿಡಿಸಿಕೊಂಡಿದ್ದರು.

"ಅಲ್ಲ ಮಾರಾಯ, ಮಗನ ಮ್ಯಾಚ್ ಇಟ್ಕೊಂಡು ನೀನೊಬ್ನೇ ಹೋಗೋದಾ? ಬ್ಲಾಕ್‌ನಲ್ಲಿ ನಾವೆಲ್ಲ ಯಾಕಿದ್ದೀವಿ?"

ಮಗ ಎಂದರೆ ಆಯುಷ್, ಇಪ್ಪತ್ತು ವರ್ಷ, ಒಬ್ಬನೇ ಮಗ. ಉದ್ದ ಕೋಲಿನ ತುದಿಗೆ ಪುಟ್ಟ ಬಲೆ ಕಟ್ಟಿಕೊಂಡು, ಆ ಬಲೆಯಲ್ಲೇ ಚೆಂಡನ್ನು ಹಿಡಿದು, ಓಡಿ, ಎಸೆಯುವ ಆಟ ಅವನದು. ಚಿಟ್ಟೆ ಹಿಡಿಯುವವರಿಗೆ ಒಟ್ಟಿಗೆ ಸಿಟ್ಟು ಬಂದರೆ ಹೇಗಿರುತ್ತದೋ ಹಾಗಿರುತ್ತದೆ. ಈ ಸೀಸನ್ನಿನಲ್ಲಿ ಕಾಲೇಜು ತಂಡ ಮೊದಲ ನಾಲ್ಕು ಪಂದ್ಯ ಸೋತು ಕೊನೆಯ ಸ್ಥಾನಕ್ಕೆ ಹೋಗಿತ್ತು. ಆಮೇಲೆ ಏನಾಯಿತೋ, ಆಗಸ್ಟಿನಿಂದ ಈಚೆಗೆ ಸತತವಾಗಿ ಐದು ಗೆಲುವು. ಈವತ್ತಿನದು ಲೀಗಿನ ಕೊನೆಯ ಪಂದ್ಯ. ಗೆದ್ದರೆ ಪ್ಲೇ ಆಫ್. ಸೋತರೆ ಅಲ್ಲಿಗೆ ಮುಗಿಯಿತು.

ಇದನ್ನೆಲ್ಲ ಆಯುಷ್ ಹೇಳಿದ್ದಲ್ಲ. ಅವನು ಶನಿವಾರ ಎರಡು ಗಂಟೆಗೆ ಬ್ಯಾಗ್ ಹೆಗಲಿಗೇರಿಸಿ ಹೋಗಿ, ಆರಕ್ಕೆ ಬಂದು, "ಗೆದ್ವಿ" ಅಥವಾ "ಸೋತ್ವಿ" ಎಂದು ರೂಮಿಗೆ ಸೇರಿಕೊಳ್ಳುತ್ತಿದ್ದ. ಶಿವರಾಮ ಲೀಗಿನ ವೆಬ್‌ಪುಟ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಮಗ ಹೇಳಿದ್ದು ಯಾವತ್ತೂ ತಪ್ಪಿರಲಿಲ್ಲ. ಆ ಪುಟದಲ್ಲಿ ತಂಡಗಳ ಸ್ಕೋರು ಮಾತ್ರ ಇರುತ್ತಿತ್ತು, ಗೋಲು ಹೊಡೆದವರ ಹೆಸರು ಇರುತ್ತಿರಲಿಲ್ಲ. ಇರುವಷ್ಟನ್ನೇ ಶಿವರಾಮ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಶೀಟ್ ಮಾಡಿ, ಗೆಲುವಿಗೆ ಹಸಿರು ಬಣ್ಣ ತುಂಬಿ ಇಟ್ಟುಕೊಂಡಿದ್ದ.

ಪಂದ್ಯಗಳಿಗೆ ಹೋಗುತ್ತಿದ್ದವಳು ಅವನ ಹೆಂಡತಿ ರೇಣುಕಾ. ಒಂದನ್ನೂ ತಪ್ಪಿಸುತ್ತಿರಲಿಲ್ಲ. ಶಿವರಾಮನಿಗೆ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಬ್ಯಾಂಕಿನ ಸಾಫ್ಟ್‌ವೇರ್ ಕೆಲಸ. ಹೊಸದೇನು ಹಾಕುವುದಿದ್ದರೂ, ಅವರ ಮಾತಿನಲ್ಲಿ 'ರಿಲೀಸ್', ಗಿರಾಕಿಗಳ ಗದ್ದಲವಿಲ್ಲದ ಶನಿವಾರ ಮಧ್ಯಾಹ್ನವೇ ಹಾಕಬೇಕು. ಎರಡು ವರ್ಷದ ಹಿಂದೆ, ಆಸ್ಪತ್ರೆಯ ಹಾಸಿಗೆಯಿಂದ ರೇಣುಕಾ ಅವನಿಗೆ ಹೇಳಿದ್ದಳು: "ಒಂದ್ಸಲನಾದ್ರೂ ಹೋಗಿ. ಗೋಲ್ ಹೊಡೆದ ತಕ್ಷಣ ಅವನು ಸ್ಟ್ಯಾಂಡ್ ಕಡೆ ನೋಡ್ತಾನೆ. ಅಲ್ಲಿ ಯಾರಾದ್ರೂ ಇರ್ಬೇಕು."

ಅವಳು ಹೋದ ಮೇಲೂ ನೂರು ಶನಿವಾರ ಬಂದು ಹೋದವು. ಈವತ್ತು ಏನೇ ಆಗಲಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಸ್ಟ್ಯಾಂಡಿನಿಂದಲೇ ಕೆಲಸ ಮುಗಿಸುವುದು, ಮಗ ತಿರುಗಿ ನೋಡಿದಾಗ ಅಲ್ಲಿ ಇರುವುದು ಎಂದು ಶಿವರಾಮ ನಿಶ್ಚಯಿಸಿದ್ದ. ಆಯುಷ್‌ಗೆ ಹೇಳಿರಲಿಲ್ಲ. ಹೇಳಿ, ಕೊನೇ ಗಳಿಗೆಯಲ್ಲಿ ಆಫೀಸಿನಿಂದ ಫೋನು ಬಂದರೆ?

ಮಧ್ಯಾಹ್ನ ಎಂಆರ್‌ಟಿ ರೈಲು ಸ್ಟೇಷನ್ನಿನಲ್ಲಿ ಸೀನಪ್ಪನವರು ಕೊಡೆ ಹಿಡಿದು, ಅವರ ಹೆಂಡತಿ ಚಂಪಾ ಎರಡು ದೊಡ್ಡ ಡಬ್ಬಿ ಶೀರಾ ಹಿಡಿದು ಕಾಯುತ್ತಿದ್ದರು. ದಾರಿಯಲ್ಲಿ ಸೀನಪ್ಪನವರು ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ನೋಡಿ ಲ್ಯಾಕ್ರಾಸ್ ಕಲಿತರು. ಮೂರನೇ ನಿಮಿಷದಿಂದ ಕಲಿಸತೊಡಗಿದರು.

ದಾರಿ ತೋರಿಸಿದ್ದೂ ಅವರೇ. ಮೈದಾನ ತಲುಪಿ, ಜಾಗ ಹಿಡಿದು, ಅರ್ಧ ಗಂಟೆ ಚಪ್ಪಾಳೆ ಹೊಡೆದ ಮೇಲೆ ಶಿವರಾಮನಿಗೆ ಏನೋ ಸರಿಯಿಲ್ಲ ಅನ್ನಿಸಿತು.

"ಸೀನಣ್ಣ, ಕೋಲಲ್ಲಿ ಬಲೆನೇ ಇಲ್ವಲ್ಲ?"

"ಬಲೆ ಎಲ್ಲ ಸೆಕೆಂಡ್ ಹಾಫ್‌ನಲ್ಲಿ ಹಾಕ್ತಾರೆ," ಎಂದರು ಸೀನಪ್ಪನವರು, ಮೈದಾನದಿಂದ ಕಣ್ಣು ಕೀಳದೆ.

ಚಂಪಾ ಮುಂದಿನ ಸಾಲಿನಲ್ಲಿದ್ದ ಹುಡುಗಿಯನ್ನು ಕೇಳಿ ಬಂದರು. ಅದು ಹಾಕಿ. ಲ್ಯಾಕ್ರಾಸ್ ಕಾರ್ ಪಾರ್ಕಿನ ಆ ಕಡೆಯ ಮೈದಾನದಲ್ಲಿ. ಮೂವರೂ ಎದ್ದು ಓಡಿದರು. ಗಂಡನಿಗೆ ಚಂಪಾ ದಾರಿಯುದ್ದಕ್ಕೂ ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ.

ಸರಿಯಾದ ಮೈದಾನಕ್ಕೆ ಬಂದಾಗ ಕೊನೆಯ ಕ್ವಾರ್ಟರ್ ನಡೆಯುತ್ತಿತ್ತು. ಬೋರ್ಡಿನಲ್ಲಿ ಆರು–ಏಳು; ನಮ್ಮವರು ಹಿಂದೆ. ಬಿಸಿಲು ಸಿಮೆಂಟಿನ ಮೆಟ್ಟಿಲಿನಿಂದ ಎದ್ದು ಪ್ಯಾಂಟಿನೊಳಗೇ ಬರುತ್ತಿತ್ತು. ಹುಡುಗರೆಲ್ಲ ಹೆಲ್ಮೆಟ್ ಹಾಕಿ, ಮುಖಕ್ಕೆ ಕಂಬಿ ಜಾಲರಿ ಬಿಗಿದುಕೊಂಡು, ಒಬ್ಬನಿಂದ ಇನ್ನೊಬ್ಬನನ್ನು ಗುರುತಿಸುವ ಹಾಗೇ ಇರಲಿಲ್ಲ. ಶಿವರಾಮ ಬೆನ್ನಿನ ನಂಬರುಗಳನ್ನು ಹುಡುಕಿದ. ಸೀಸನ್ನಿನ ಮೊದಲ ದಿನ ಆಯುಷ್ ಒಂದು ಫೋಟೋ ಕಳಿಸಿದ್ದ. ಹನ್ನೊಂದು. ಅಗೋ, ಎಡಗಡೆ ತುದಿಯಲ್ಲಿ, ಜಿಂಕೆಯ ಹಾಗೆ ಓಡುತ್ತಿದ್ದಾನೆ. ಇಷ್ಟು ಚೆನ್ನಾಗಿ ಓಡುತ್ತಾನೆಂದು ಗೊತ್ತೇ ಇರಲಿಲ್ಲ.

ಲ್ಯಾಪ್‌ಟಾಪ್ ತೆರೆದು, ಇಯರ್‌ಫೋನ್ ಸಿಕ್ಕಿಸಿಕೊಂಡು ಆಫೀಸಿನ ಕಾಲ್‌ಗೆ ಸೇರಿದ. ತಂಜಾಂಗ್ ಪಗಾರ್‌ನ ಹೆಡ್ಡಾಫೀಸಿನಿಂದ ಅವನ ಬಾಸ್ ನವನೀತ್, ಮೈಸೂರಿನವನು, ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಒಂದೊಂದೇ ಹೆಜ್ಜೆಯನ್ನು ಓದಿ ಹೇಳುತ್ತಿದ್ದ. ಶಿವರಾಮ ಒಂದು ಕಣ್ಣು ಸ್ಕ್ರೀನಿನ ಮೇಲೆ, ಒಂದು ಕಣ್ಣು ಹನ್ನೊಂದರ ಮೇಲೆ ಇಟ್ಟು "ಡನ್, ಡನ್" ಎನ್ನುತ್ತಿದ್ದ. ಅಷ್ಟರಲ್ಲಿ ಹನ್ನೊಂದು ಇಬ್ಬರ ನಡುವೆ ನುಸುಳಿ, ಕೋಲು ಬೀಸಿ, ಚೆಂಡನ್ನು ಗೋಲಿನೊಳಗೆ ಇಟ್ಟುಬಿಟ್ಟಿತು.

"ಆಯುಷ್, ಆಯುಷ್" ಎಂದು ಮೂವರೂ ಕೂಗಿದರು. ಶಿವರಾಮನ ಮೈಕು ಆನ್ ಇತ್ತು. ಕಾಲ್‌ನಲ್ಲಿದ್ದ ಹದಿನೇಳು ಜನರೂ ಕೇಳಿಸಿಕೊಂಡರು. ಶಿವರಾಮನಿಗೆ ಅದರ ಪರಿವೆ ಇರಲಿಲ್ಲ. ಹನ್ನೊಂದನೇ ನಂಬರಿನ ಹುಡುಗ ನಿಂತು, ಹೆಲ್ಮೆಟ್ಟನ್ನು ತಿರುಗಿಸಿ, ಸ್ಟ್ಯಾಂಡಿನ ಕಡೆ ನೋಡುತ್ತಿದ್ದ. ನೇರ ಅವನ ಕಡೆಗೇ. ಶಿವರಾಮ ಕೈ ಎತ್ತಿದ. ಲ್ಯಾಪ್‌ಟಾಪ್ ತೊಡೆಯಿಂದ ಜಾರಿ ಎರಡು ಮೆಟ್ಟಿಲು ಕೆಳಗೆ ಬಿತ್ತು; ಸ್ಕ್ರೀನು ಕಪ್ಪಾಯಿತು. ಎತ್ತಿದ ಕೈಯನ್ನು ಅವನು ಇಳಿಸಲಿಲ್ಲ.

ಮುಗಿಯಲು ಒಂದು ನಿಮಿಷವೂ ಇಲ್ಲದಿದ್ದಾಗ ಹನ್ನೊಂದೇ ಮತ್ತೊಂದು ಹೊಡೆಯಿತು. ಎಂಟು–ಏಳು. ಈ ಸಲ ಹುಡುಗ ಸ್ಟ್ಯಾಂಡಿನ ಕಡೆ ನೋಡಿ ಕೋಲನ್ನೂ ಎತ್ತಿ ತೋರಿಸಿದ. ಶಿವರಾಮನಿಗೆ ಮೈದಾನವೇ ಮಂಜಾಗಿ ಕಂಡಿತು. ಸೀನಪ್ಪನವರು ಗೊತ್ತಿಲ್ಲದವರನ್ನೆಲ್ಲ ತಬ್ಬಿಕೊಂಡರು. ಫೋನಿನಲ್ಲಿ ನವನೀತ್, ಕೆಲಸ ಅರ್ಧಕ್ಕೆ ನಿಂತಿದೆ, ಹಾಕಿದ್ದನ್ನೆಲ್ಲ ವಾಪಸ್ ತೆಗೆಯಬೇಕಾಗಿದೆ, ಸೋಮವಾರ ಒಂಬತ್ತಕ್ಕೆ ಬಂದು ಕಾಣಿ ಎಂದ. ಶಿವರಾಮ ಅವನಿಗೂ ಥ್ಯಾಂಕ್ಸ್ ಹೇಳಿದ.

ಪಂದ್ಯ ಮುಗಿದದ್ದೇ ಚಂಪಾ ಡಬ್ಬಿ ಹಿಡಿದು ಮೈದಾನಕ್ಕೆ ಇಳಿದರು. ಸೋತ ತಂಡದವರಿಗೂ ಶೀರಾ ಹಂಚುತ್ತ, ಹನ್ನೊಂದನೇ ನಂಬರಿನ ಮುಂದೆ ನಿಂತು, "ಬಾಯಿ ತೆಗಿ ಕಂದಾ" ಎಂದು ಚಮಚ ಎತ್ತಿದರು. ಹುಡುಗ ಹೆಲ್ಮೆಟ್ ಕಳಚಿದ.

ಚೀನೀ ಹುಡುಗ. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು. ಚಮಚ ಗಾಳಿಯಲ್ಲೇ ನಿಂತಿತು. ಹುಡುಗ ಸಂಭಾವಿತ, ಬಾಯಿ ತೆರೆದು ಶೀರಾ ತಿಂದ. ಆಮೇಲೆ ಶಿವರಾಮನ ಕಡೆ ತಿರುಗಿದ.

"ಅಂಕಲ್, ಯು ಆಯುಷ್ ಫಾದರ್ ಆ?"

ನೀವು ಆಯುಷ್ ಆಯುಷ್ ಎಂದು ಕೂಗುತ್ತಿದ್ದಿರಿ, ಅವನೇ ಬಂದಿದ್ದಾನೇನೋ ಎಂದು ನಾನೂ ಆ ಕಡೆ ನೋಡಿದೆ ಎಂದ. ಆಯುಷ್ ಆಗಸ್ಟ್ ಮೊದಲ ವಾರದಲ್ಲೇ ಟೀಮ್ ಬಿಟ್ಟ, ಕಾರಣ ಹೇಳಲಿಲ್ಲ; ಕೋಚ್ ಆ ನಂಬರನ್ನು ನನಗೆ ಕೊಟ್ಟರು ಎಂದ. ಮನೆಯಲ್ಲಿ ಗೊತ್ತಿರುತ್ತದೆ ಅಂದುಕೊಂಡಿದ್ದನಂತೆ. ಅಂದರೆ ಆ ಐದು ಗೆಲುವೂ ಆಯುಷ್ ಬಿಟ್ಟ ಮೇಲಿನವು. ಎರಡು ತಿಂಗಳಿಂದ ಅಪ್ಪ ಮಗ ಇಬ್ಬರೂ ಒಂದೇ ಪುಟ ಓದಿಕೊಂಡು ಒಬ್ಬರಿಗೊಬ್ಬರು ಆಟದ ಸುದ್ದಿ ಹೇಳುತ್ತಿದ್ದರು.

"ಚೆನ್ನಾಗಿ ಆಡಿದೆ" ಎಂದು ಶಿವರಾಮ ಹುಡುಗನ ಭುಜ ತಟ್ಟಿದ. ನಾನು ಬಂದಿದ್ದೆ ಎಂದು ಆಯುಷ್‌ಗೆ ಹೇಳಬೇಡ ಎಂದು ಕೇಳಿಕೊಂಡ. ಹುಡುಗ ತಲೆಯಾಡಿಸಿದ.

ವಾಪಸ್ ಬರುವಾಗ ಸೀನಪ್ಪನವರು ಜುರಾಂಗ್ ಈಸ್ಟ್ ಬರುವವರೆಗೂ ಬಾಯಿ ತೆರೆಯಲಿಲ್ಲ. ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಚಂಪಾ ಅಂಥದ್ದನ್ನು ನೋಡಿರಲಿಲ್ಲ. ಲಿಫ್ಟಿನಿಂದ ಇಳಿಯುವಾಗ ಮಾತ್ರ, "ನಾವು ಈವತ್ತು ಎಲ್ಲೂ ಹೋಗಿಲ್ಲ, ಆಯ್ತಾ?" ಎಂದರು.

ಆರು ಗಂಟೆಗೆ ಆಯುಷ್ ಬಂದ. ಹೆಗಲ ಮೇಲೆ ಅದೇ ಬ್ಯಾಗು, ಬೂಟಿನ ಅಡಿಯಲ್ಲಿ ಹುಲ್ಲಿನ ಎಸಳು.

"ಏನಾಯ್ತೋ?"

"ಗೆದ್ವಿ ಅಪ್ಪ. ಏಯ್ಟ್ ಸೆವೆನ್. ಪ್ಲೇ ಆಫ್ ಸಿಕ್ತು."

ಶಿವರಾಮ ಒಲೆಯ ಮೇಲಿದ್ದ ಸಾರನ್ನು ಕಲಕುತ್ತಿದ್ದ. ತಿರುಗಿ ನೋಡಲಿಲ್ಲ. "ನೀನೆಷ್ಟು ಹೊಡೆದೆ?"

ಈ ಪ್ರಶ್ನೆಯನ್ನು ಅವನು ಹಿಂದೆ ಯಾವತ್ತೂ ಕೇಳಿರಲಿಲ್ಲ. ಆಯುಷ್ ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ.

"ಎರಡು. ಲಾಸ್ಟ್ ಎರಡೂ ನಂದೇ."

ಸೌಟು ನಿಂತಿತು. "ಬರೋಣ ಅಂತಿದ್ದೆ ಕಣೋ," ಎಂದ ಶಿವರಾಮ. "ಆಫೀಸಲ್ಲಿ ರಿಲೀಸ್ ಇತ್ತು."

"ಪರವಾಗಿಲ್ಲ ಅಪ್ಪ," ಎಂದ ಆಯುಷ್. ಆದರೆ ರೂಮಿಗೆ ಹೋಗಲಿಲ್ಲ. ಬಂದು ತಟ್ಟೆಗಳನ್ನು ತೆಗೆದು ಮೇಜಿನ ಮೇಲೆ ಇಟ್ಟ. ಇಬ್ಬರೂ ಎದುರೆದುರು ಕೂತು ಉಂಡರು.

ಸೋಮವಾರ ನವನೀತ್ ಕೊಟ್ಟ ಶಿಕ್ಷೆ, ಇನ್ನು ವರ್ಷಪೂರ್ತಿ ಶನಿವಾರದ ಕೆಲಸ ಶಿವರಾಮನದೇ, ಅದೂ ಆಫೀಸಿಗೇ ಬಂದು. ಅವನು ತಕರಾರು ಮಾಡಲಿಲ್ಲ. ಆಯುಷ್ ಶನಿವಾರ ಎರಡಕ್ಕೆ ಬ್ಯಾಗ್ ಹೊತ್ತು ಹೋಗುತ್ತಾನೆ, ಆರಕ್ಕೆ ಬರುತ್ತಾನೆ. ಆ ನಾಲ್ಕು ಗಂಟೆ ಎಲ್ಲಿರುತ್ತಾನೆ, ಟೀಮ್ ಯಾಕೆ ಬಿಟ್ಟ, ಕೊನೆಯ ಎರಡು ಗೋಲಿನ ಲೆಕ್ಕ ಅವನಿಗೆ ಆ ಹುಡುಗ ಹೇಳಿದನೋ ಅಥವಾ ಆವತ್ತು ಮೈದಾನದ ಸುತ್ತ ಎಲ್ಲೋ ನಿಂತು, ಸ್ಟ್ಯಾಂಡಿನಲ್ಲಿ ಕೈ ಎತ್ತಿದ್ದ ಅಪ್ಪನನ್ನೂ ಸೇರಿಸಿ ಎಲ್ಲವನ್ನೂ ಅವನೇ ನೋಡಿದ್ದನೋ, ಗೊತ್ತಿಲ್ಲ. ಶಿವರಾಮ ಕೇಳಿಲ್ಲ. ಅವನು ಕೇಳದ್ದರಿಂದ, ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.